ಸೈಕಲ್ ಪಕ್ಕಕ್ಕಿಟ್ಟು ಹಳೇ ವಿಮಾನ ಹತ್ತುವ ಮುಂಚೆ

ಅಮೆರಿಕದ ಹಳ್ಳಿ ರಸ್ತೆಗಳಲ್ಲಿ ಸೈಕಲ್ ತುಳಿಯುವವರಿಗೆ ಈ ಪ್ರಸಂಗ ಯಾವತ್ತಾದರೂ ಎದುರಾಗುತ್ತದೆ. ಜೋಳದ ಹೊಲದ ಆಚೆ ಉದ್ದನೆಯ ಹುಲ್ಲಿನ ಪಟ್ಟಿ. ಕಂಬದ ತುದಿಯಲ್ಲಿ ಗಾಳಿ ದಿಕ್ಕು ತೋರಿಸುವ ಬಟ್ಟೆ ಚೀಲ. ಒಂದು ತಗಡಿನ ಶೆಡ್ಡು, ಅದರ ಮುಂದೆ ಹಳದಿ ಬಣ್ಣದ ಪುಟ್ಟ ವಿಮಾನ, ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತ ಒಬ್ಬ ಹಿರಿಯರು. ನೀವು ನೀರು ಕೇಳೋಣ ಅಂತ ನಿಲ್ಲಿಸುತ್ತೀರಿ. ಸ್ವಲ್ಪ ಹೊತ್ತು ಮಾತಾದ ಮೇಲೆ ಅವರೇ ಕೇಳುತ್ತಾರೆ: "ಒಂದು ರೌಂಡ್ ಹೋಗಿ ಬರೋಣವಾ?"

ಹೀಗೆ ಕೇಳಿದಾಗ ನಮ್ಮವರು ಸಾಮಾನ್ಯವಾಗಿ ಸಂಕೋಚಕ್ಕೆ "ಬೇಡ ಬೇಡ, ನಿಮಗ್ಯಾಕೆ ತೊಂದರೆ" ಅಂದುಬಿಡುತ್ತಾರೆ. ಇಲ್ಲವೇ ಹಿಂದೆ ಮುಂದೆ ನೋಡದೆ ಹತ್ತಿ ಕೂತುಬಿಡುತ್ತಾರೆ. ಸಂಕೋಚ ಖಂಡಿತ ಬೇಡ. ತಮ್ಮ ವಿಮಾನವನ್ನು ಯಾರಿಗಾದರೂ ತೋರಿಸುವುದು ಈ ಜನರಿಗೆ ನಿಜವಾಗಿಯೂ ಖುಷಿಯ ವಿಷಯ. ಆದರೆ ಹೂಂ ಅನ್ನುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಸೈಕಲ್ ಮೇಲೆ ಬಂದವರು ಮಾತ್ರ ಗಮನಿಸಬೇಕಾದ ಸಂಗತಿಗಳೂ ಇವೆ. ಅವನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಎಲ್ಲಿ ಸಿಗುತ್ತದೆ

ಅದೃಷ್ಟ ನಂಬಿ ಕೂರುವುದು ಬೇಡ ಅನ್ನುವವರು ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಗೆ ಹೋಗಬಹುದು. ಅಲ್ಲಿ ರೈನ್‌ಬೆಕ್ ಊರಿನ ಹತ್ತಿರ ಓಲ್ಡ್ ರೈನ್‌ಬೆಕ್ ಏರೋಡ್ರೋಮ್ ಇದೆ. ಕೋಲ್ ಪೇಲನ್ ಎಂಬ ಮೆಕ್ಯಾನಿಕ್ ಕಟ್ಟಿದ ಜಾಗ ಅದು. 1951ರಲ್ಲಿ ಲಾಂಗ್ ಐಲ್ಯಾಂಡಿನ ರೂಸ್‌ವೆಲ್ಟ್ ಫೀಲ್ಡ್ ಎಂಬ ವಿಮಾನ ನಿಲ್ದಾಣ ಮುಚ್ಚುವಾಗ ಅಲ್ಲಿದ್ದ ಆರು ಹಳೇ ವಿಮಾನಗಳನ್ನು ತನ್ನ ಉಳಿತಾಯವೆಲ್ಲ ಸುರಿದು ಕೊಂಡುಕೊಂಡರು. ಆಮೇಲೆ ರೈನ್‌ಬೆಕ್ ಹತ್ತಿರ ಜಮೀನು ತೆಗೆದುಕೊಂಡು ಮರ ಕಡಿದು ರನ್‌ವೇ ಮಾಡಿದರು. 1960ರಲ್ಲಿ ಅಲ್ಲಿ ಮೊದಲ ಪ್ರದರ್ಶನ ನಡೆಯಿತು. 1909ರ ಬ್ಲೇರಿಯೋ ವಿಮಾನವೊಂದು ಅಲ್ಲಿ ಇವತ್ತಿಗೂ ಇದೆ. ಹವಾ ಚೆನ್ನಾಗಿದ್ದ ದಿನ ಅದು ರನ್‌ವೇ ಮೇಲೆಯೇ ಒಂದಷ್ಟು ಎತ್ತರ ಎದ್ದು ಕೂರುತ್ತದೆ.

ನಮ್ಮಂಥವರನ್ನು ಕೂರಿಸಿಕೊಂಡು ಹೋಗುವುದು ಬೇರೆ ವಿಮಾನ. 1929ರ ನ್ಯೂ ಸ್ಟ್ಯಾಂಡರ್ಡ್ ಡಿ-25, ಎರಡು ಜೊತೆ ರೆಕ್ಕೆಯ ಬೈಪ್ಲೇನ್. ಮುಂದಿನ ತೆರೆದ ಗುಂಡಿಯಲ್ಲಿ ನಾಲ್ಕು ಜನ ಕೂರುತ್ತಾರೆ, ಹಿಂದೆ ಪೈಲಟ್ ಒಬ್ಬರೇ. ಊರೂರು ತಿರುಗಿ ದುಡ್ಡು ತೆಗೆದುಕೊಂಡು ಜನರನ್ನು ಹಾರಿಸುತ್ತಿದ್ದ ಆ ಕಾಲದ ಪೈಲಟ್‌ಗಳಿಗೆಂದೇ ಮಾಡಿದ ವಿಮಾನ ಅದು. ಹಾಗಾಗಿ ಈ ಕೆಲಸ ಅದಕ್ಕೆ ಹೊಸದಲ್ಲ. ಬೇಸಿಗೆಯಿಂದ ಅಕ್ಟೋಬರ್ ನಡುವಿನವರೆಗೆ ವಾರಾಂತ್ಯದಲ್ಲಿ ಶೋ ಇರುತ್ತದೆ. ಶೋಗೆ ಮೊದಲು ಮತ್ತು ಮುಗಿದ ಮೇಲೆ ಸವಾರಿ. ದಿನ, ದರ ಎರಡೂ ಬದಲಾಗುತ್ತವೆ. ಹೊರಡುವ ಹಿಂದಿನ ದಿನ ಅವರ ವೆಬ್‌ಸೈಟ್ ನೋಡಿಯೇ ಹೊರಡಿ.

ಈ ಜಾಗ ಸೈಕಲ್‌ನವರಿಗೆ ಹೇಳಿ ಮಾಡಿಸಿದ ಹಾಗಿದೆ. ನ್ಯೂಯಾರ್ಕ್ ನಗರದಿಂದ ಕೆನಡಾ ಗಡಿವರೆಗೆ ಹೋಗುವ ಎಂಪೈರ್ ಸ್ಟೇಟ್ ಟ್ರೇಲ್ ಎಂಬ ಸೈಕಲ್ ದಾರಿ ಕಿಂಗ್‌ಸ್ಟನ್ ಹತ್ತಿರ ಹಡ್ಸನ್ ನದಿ ದಾಟಿ ಈ ಕಡೆಗೇ ಬರುತ್ತದೆ. ಅಲ್ಲಿಂದ ಏರೋಡ್ರೋಮ್ ದೂರವೇನಲ್ಲ. ರೈಲಿನಲ್ಲಿ ಬರುವವರು ರೈನ್‌ಕ್ಲಿಫ್ ಸ್ಟೇಷನ್ನಿನಲ್ಲಿ ಇಳಿಯಬೇಕು. ಅಲ್ಲಿಗೆ ಬರುವ ಆಮ್‌ಟ್ರಾಕ್ ರೈಲಿನಲ್ಲಿ ಸೈಕಲ್ಲಿಗೂ ಮೊದಲೇ ಜಾಗ ಬುಕ್ ಮಾಡಬೇಕಾಗುತ್ತದೆ, ಮರೆಯಬೇಡಿ. ನ್ಯೂಜೆರ್ಸಿಯಲ್ಲಿರುವ ಕನ್ನಡದವರು ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಹೋಗಿ ಒಂದೇ ದಿನದಲ್ಲಿ ವಾಪಸ್ ಬರಬಹುದು.

ಮಕ್ಕಳಿದ್ದರೆ ಇನ್ನೊಂದು ದಾರಿ ಇದೆ. ಇ.ಎ.ಎ. ಅನ್ನುವ ಹವ್ಯಾಸಿ ಪೈಲಟ್‌ಗಳ ಸಂಘ 1992ರಿಂದ ಯಂಗ್ ಈಗಲ್ಸ್ ಕಾರ್ಯಕ್ರಮ ನಡೆಸುತ್ತಿದೆ. 8ರಿಂದ 17 ವರ್ಷದ ಮಕ್ಕಳನ್ನು ದುಡ್ಡಿಲ್ಲದೆ ಹಾರಿಸುತ್ತಾರೆ. ಅಪ್ಪ ಅಮ್ಮನ ಸಹಿ ಬೇಕು, ಅಷ್ಟೇ. ಸಣ್ಣ ಊರುಗಳ ಶಾಖೆಗಳು ಶನಿವಾರ ಬೆಳಿಗ್ಗೆ ಪ್ಯಾನ್‌ಕೇಕ್ ತಿಂಡಿ ಇಟ್ಟು ಊರವರನ್ನೆಲ್ಲ ಕರೆಯುವುದೂ ಉಂಟು. ಸೈಕಲ್‌ನವರು ಹಸಿದುಕೊಂಡೇ ಬರುತ್ತಾರೆ ಅಂತ ಅವರಿಗೂ ಗೊತ್ತು.

ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ತುಳಿಯುವವರು ದಾರಿಯಲ್ಲಿ ಜಕ್ಕೂರು ಏರೋಡ್ರೋಮ್ ನೋಡಿ ಆಸೆಪಡುವುದು ಸಹಜ. ಆದರೆ ಅಲ್ಲಿ ಗೇಟಿನ ಮುಂದೆ ನಿಂತರೆ ಯಾರೂ ಕರೆಯುವುದಿಲ್ಲ. ಹಳೇ ವಿಮಾನ ಅಂದರೆ ಹೇಗಿರುತ್ತದೆ ಅಂತ ಮೊದಲೇ ನೋಡಿಕೊಳ್ಳಬೇಕಾದರೆ ಎಚ್.ಎ.ಎಲ್. ಮ್ಯೂಸಿಯಂಗೆ ಹೋಗಿ. ಅಲ್ಲಿ ಎಚ್.ಟಿ.-2 ಇದೆ. ವಿಮಾನ ವಿನ್ಯಾಸಕ ವಿ.ಎಂ. ಘಾಟಗೆ ಅವರ ತಂಡ ಬೆಂಗಳೂರಿನಲ್ಲೇ ರೂಪಿಸಿ 1951ರಲ್ಲಿ ಹಾರಿಸಿದ ತರಬೇತಿ ವಿಮಾನ. ಮೂತಿ ಮೇಲಕ್ಕೆತ್ತಿ, ಬಾಲ ನೆಲಕ್ಕೆ ಊರಿ ನಿಂತಿರುತ್ತದೆ. ಈ ಲೇಖನದಲ್ಲಿ ಬರುವ ವಿಮಾನಗಳೂ ಹಾಗೇ ನಿಲ್ಲುವಂಥವು.

ಒಳಗೆ ಹೋಗುವುದು

ರನ್‌ವೇ ಹುಲ್ಲಿನದ್ದಾದರೂ ಅದು ರನ್‌ವೇನೇ. ಮೈದಾನ ಅಂದುಕೊಂಡು ಅಡ್ಡ ತುಳಿಯಬೇಡಿ. ಇಂಜಿನ್ ನಿಲ್ಲಿಸಿದಂತೆ ಸದ್ದಿಲ್ಲದೆ ತೇಲಿಕೊಂಡು ಇಳಿಯುವ ವಿಮಾನ ನಿಮ್ಮ ಕಿವಿಗೆ ಬೀಳುವುದೇ ಇಲ್ಲ. ಬೇಲಿ ಇದ್ದರೆ ಗೇಟಿನಿಂದ, ಇಲ್ಲದಿದ್ದರೆ ಕಾರು ನಿಲ್ಲಿಸುವ ಕಡೆಯಿಂದ, ಸೈಕಲ್ ತಳ್ಳಿಕೊಂಡು ಹೋಗಿ.

ಸೈಕಲ್ಲನ್ನು ಶೆಡ್ಡಿನ ಗೋಡೆಗೆ ಒರಗಿಸಿ. ವಿಮಾನಕ್ಕೆ ಅಂತೂ ಒರಗಿಸಲೇಬೇಡಿ. ಹಳೇ ವಿಮಾನಗಳ ಮೈ ಬಹುತೇಕ ಬಟ್ಟೆ. ಮರದ ಅಥವಾ ಕಬ್ಬಿಣದ ಚೌಕಟ್ಟಿಗೆ ಬಟ್ಟೆ ಎಳೆದು ಕಟ್ಟಿ, ಮೇಲೆ ಬಣ್ಣ ಬಳಿದಿರುತ್ತಾರೆ. ಹ್ಯಾಂಡಲ್‌ಬಾರ್ ತುದಿ ತಾಗಿದರೆ ತೂತು. ವಿಮಾನದ ಹಿಂದೆಯೂ ನಿಲ್ಲಿಸಬೇಡಿ. ಇಂಜಿನ್ ಶುರುವಾದ ತಕ್ಷಣ ಬೀಸುವ ಗಾಳಿಗೆ ಸೈಕಲ್ ಉರುಳುತ್ತದೆ.

ಪ್ರಶ್ನೆ ಕೇಳಿ, ಬೇಜಾರಾಗುವುದಿಲ್ಲ

ನನ್ನ ಮಟ್ಟಿಗೆ ಇದೇ ಮುಖ್ಯ ಹಂತ. ಪ್ರಶ್ನೆ ಕೇಳಿದಾಗ ಆ ಪೈಲಟ್ ಹೇಗೆ ಉತ್ತರ ಕೊಡುತ್ತಾರೆ ಅನ್ನುವುದರಲ್ಲೇ ಅರ್ಧ ಗೊತ್ತಾಗುತ್ತದೆ. ಖುಷಿಯಿಂದ ವಿವರಿಸುವವರ ಜೊತೆ ಹೋಗಿ. "ಅದೆಲ್ಲ ಯಾಕೆ, ಹತ್ತಿ" ಅನ್ನುವವರಿಗೆ ಥ್ಯಾಂಕ್ಸ್ ಹೇಳಿ ಸೈಕಲ್ ಹತ್ತಿ.

ಮೊದಲಿಗೆ, ಕೊನೆಯ ಸಲ ಈ ವಿಮಾನ ಹಾರಿಸಿದ್ದು ಯಾವಾಗ ಅಂತ ಕೇಳಿ. ಸುಮ್ನೆ ಮಾತಿಗೆ ಕೇಳುವ ಪ್ರಶ್ನೆ ಅಲ್ಲ ಇದು. ಬೇರೆಯವರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಪೈಲಟ್ ಮೂರು ಸಲವಾದರೂ ಏರಿ ಇಳಿದಿರಬೇಕು ಅಂತ ಅಮೆರಿಕದ ನಿಯಮ. ಬಾಲದಲ್ಲಿ ಚಕ್ರ ಇರುವ ವಿಮಾನವಾದರೆ ಆ ಮೂರೂ ಸಲ ಅಂಥದ್ದೇ ವಿಮಾನದಲ್ಲಿ ಇಳಿದು, ಪೂರ್ತಿ ನಿಲ್ಲಿಸಿರಬೇಕು. "ನಿನ್ನೆ ಸಂಜೆ ತಾನೇ ಹಾರಿದೆ" ಅನ್ನುವ ಉತ್ತರ ಬಂದರೆ ಒಳ್ಳೆಯದು.

ಆಮೇಲೆ ವಿಮಾನದ ವಿಷಯ. ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ ಕಡ್ಡಾಯ. ಯಾವಾಗ ಆಯಿತು ಅಂತ ಕೇಳಿ. ಹಾರಲು ಯೋಗ್ಯ ಅನ್ನುವ ಸರ್ಟಿಫಿಕೇಟನ್ನು ಒಳಗೆ ಕಾಣುವ ಹಾಗೆ ಇಟ್ಟಿರಬೇಕು. ಮೈಮೇಲೆ 'ಎಕ್ಸ್‌ಪೆರಿಮೆಂಟಲ್' ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ ಅದು ಕಾರ್ಖಾನೆಯ ಮಾಮೂಲಿ ಪರವಾನಗಿಯ ವಿಮಾನವಲ್ಲ. ಯಾರೋ ಮನೆಯಲ್ಲೇ ಕಟ್ಟಿದ ನಕಲು ಇರಬಹುದು. ಹಾಗಂತ ಕೆಟ್ಟದ್ದು ಅಂತಲ್ಲ. ಆದರೆ ಏನು ಹತ್ತುತ್ತಿದ್ದೀರಿ ಅಂತ ನಿಮಗೆ ಗೊತ್ತಿರಬೇಕು ಅಲ್ವಾ? ಬಾಲದ ಹತ್ತಿರ ಎನ್ ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ಅದನ್ನು ಎಫ್.ಎ.ಎ., ಅಂದರೆ ಅಮೆರಿಕ ಸರ್ಕಾರದ ವಿಮಾನಯಾನ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ವಿಮಾನ, ಯಾವ ವರ್ಷದ್ದು ಎಂಬುದೆಲ್ಲ ಪುಕ್ಕಟೆ ಸಿಗುತ್ತದೆ.

ದುಡ್ಡಿನ ವಿಷಯ ಸ್ವಲ್ಪ ಸೂಕ್ಷ್ಮ. ಪ್ರೈವೇಟ್ ಲೈಸೆನ್ಸ್ ಇರುವ ಪೈಲಟ್ ಸವಾರಿಗೆ ಬಾಡಿಗೆ ತೆಗೆದುಕೊಳ್ಳುವ ಹಾಗಿಲ್ಲ. ಪೆಟ್ರೋಲು, ಆಯಿಲ್, ಏರ್‌ಪೋರ್ಟ್ ಖರ್ಚು ಇಂಥದ್ದನ್ನು ಹಂಚಿಕೊಳ್ಳಬಹುದು, ಅದರಲ್ಲೂ ತನ್ನ ಪಾಲನ್ನು ಅವರು ಕೊಡಲೇಬೇಕು. ಜಾಹೀರಾತು ಹಾಕಿ ದುಡ್ಡಿಗೆ ಹಾರಿಸಬೇಕಾದರೆ ಕಮರ್ಷಿಯಲ್ ಲೈಸೆನ್ಸ್ ಬೇಕು. ಎಫ್.ಎ.ಎ. ಕೊಟ್ಟ ಅನುಮತಿ ಪತ್ರದ ಮೇಲೆ ನಡೆಯುವ ಸವಾರಿಯಾದರೆ 25 ಮೈಲಿಗಿಂತ ಆಚೆ ಹೋಗುವಂತಿಲ್ಲ, ಹೊರಟಲ್ಲೇ ಬಂದು ಇಳಿಯಬೇಕು. ಹಾಗಾಗಿ ಶೆಡ್ಡಿನ ಪಕ್ಕ ಕೂತ ಹಿರಿಯರು ಪುಕ್ಕಟೆ ಕರೆದರೆ ಅದು ನಿಯಮಕ್ಕೆ ಸರಿಯಾಗಿಯೇ ಇದೆ. ಅವರೇ "ಐವತ್ತು ಡಾಲರ್ ಕೊಡಿ" ಅಂದರೆ ಲೈಸೆನ್ಸ್ ಯಾವುದು ಅಂತ ಕೇಳಲೇಬೇಕು.

ಊರಿನಿಂದ ಬಂದ ಅಪ್ಪ ಅಮ್ಮನನ್ನು ಹತ್ತಿಸುವ ಯೋಚನೆ ಇದ್ದರೆ ಅವರ ಟ್ರಾವೆಲ್ ಇನ್ಶೂರೆನ್ಸ್ ತೆಗೆದು ಓದಿ. ಟಿಕೆಟ್ ಕೊಂಡು ಹತ್ತುವ ಮಾಮೂಲಿ ಏರ್‌ಲೈನ್ ಬಿಟ್ಟು ಬೇರೆ ವಿಮಾನದಲ್ಲಿ ಏನಾದರೂ ಆದರೆ ಹಣ ಇಲ್ಲ ಅಂತ ಬಹಳ ಪಾಲಿಸಿಗಳಲ್ಲಿ ಬರೆದಿರುತ್ತದೆ. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. 2024ರ ಅಕ್ಟೋಬರಿನಲ್ಲಿ ಓಲ್ಡ್ ರೈನ್‌ಬೆಕ್‌ನಲ್ಲೇ ಪ್ರದರ್ಶನದ ನಡುವೆ ವಿಮಾನವೊಂದು ಬಿದ್ದು ಪೈಲಟ್ ತೀರಿಕೊಂಡರು. ಅದು ಪ್ರಯಾಣಿಕರನ್ನು ಕೂರಿಸಿಕೊಂಡು ಹೋಗುವ ಸವಾರಿ ಆಗಿರಲಿಲ್ಲ. ಆದರೂ ಹತ್ತುವವರಿಗೆ ಗೊತ್ತಿರಲಿ.

ನಿಜವಾದ ತೂಕ ಹೇಳಿ

ಪೈಲಟ್ ನಿಮ್ಮ ತೂಕ ಕೇಳುತ್ತಾರೆ. ಕೇಳದಿದ್ದರೆ ನೀವೇ ಹೇಳಿ. ಇದು ಮರ್ಯಾದೆ ಪ್ರಶ್ನೆ ಅಲ್ಲ, ಲೆಕ್ಕದ ಪ್ರಶ್ನೆ.

ಪೈಪರ್ ಜೆ-3 ಕಬ್ ಅನ್ನೇ ತೆಗೆದುಕೊಳ್ಳಿ. ಹಳ್ಳಿ ಏರ್‌ಫೀಲ್ಡುಗಳಲ್ಲಿ ಕಾಣುವ ಆ ಹಳದಿ ವಿಮಾನ ಬಹುತೇಕ ಇದೇ. 1938ರಿಂದ 1947ರವರೆಗೆ ಸುಮಾರು 20,000 ತಯಾರಾದವು. ಇಂಜಿನ್ ಬರೀ 65 ಕುದುರೆ ಶಕ್ತಿ. ಎಲ್ಲ ಸೇರಿ ಗರಿಷ್ಠ ತೂಕ 1,220 ಪೌಂಡ್, ಅಂದರೆ ಸುಮಾರು 553 ಕೆಜಿ. ಖಾಲಿ ವಿಮಾನವೇ 345 ಕೆಜಿ ಆಸುಪಾಸು ಇರುತ್ತದೆ. 12 ಗ್ಯಾಲನ್ ಟ್ಯಾಂಕ್ ತುಂಬಿದರೆ ಇನ್ನೊಂದು 33 ಕೆಜಿ. ಆಯಿಲ್ಲನ್ನೂ ಸೇರಿಸಿ ಕಳೆದರೆ ಇಬ್ಬರಿಗೆ ಉಳಿಯುವುದು ಸುಮಾರು 170 ಕೆಜಿ. ಪೈಲಟ್ 95 ಕೆಜಿ ಇದ್ದರೆ ನಿಮ್ಮ ಪಾಲು 75. ಬೆನ್ನಿಗೆ ಕಟ್ಟಿಕೊಂಡ ನೀರಿನ ಚೀಲ, ಬೀಗ, ಸರಪಣಿ ಎಲ್ಲ ಇದರಲ್ಲೇ ಬರಬೇಕು. ಸೆಕೆಯ ದಿನ ಗಾಳಿ ತೆಳುವಾಗಿ ವಿಮಾನ ಏರಲು ಇನ್ನೂ ಒದ್ದಾಡುತ್ತದೆ. ಲೆಕ್ಕ ಮೀರಿದರೆ ಪೈಲಟ್ "ಇವತ್ತು ಬೇಡ" ಅನ್ನಬಹುದು. ಹಾಗೆ ಅನ್ನುವವರೇ ಒಳ್ಳೆಯ ಪೈಲಟ್.

ಸೈಕಲ್ ವೇಷ ಬದಲಿಸಿ

ಮೊದಲು ಶೂ. ಪೆಡಲ್ಲಿಗೆ ಸಿಕ್ಕಿಸಲು ಅಡಿಯಲ್ಲಿ ಕ್ಲೀಟ್ ಇರುವ ಶೂ ಹಾಕಿಕೊಂಡು ರೆಕ್ಕೆ ಮೇಲೆ ಕಾಲಿಡುವ ಹಾಗೇ ಇಲ್ಲ. ಬೈಪ್ಲೇನ್ ಹತ್ತುವಾಗ ಕೆಳ ರೆಕ್ಕೆಯಲ್ಲಿ, ಮೈಗೆ ಅಂಟಿಕೊಂಡ ಹಾಗೆ, ಒಂದು ಒರಟಾದ ಪಟ್ಟಿ ಇರುತ್ತದೆ. ಅದರ ಮೇಲೆ ಮಾತ್ರ ಕಾಲಿಡಬಹುದು. ಅದರಾಚೆ ಬರೀ ಬಟ್ಟೆ. ಕ್ಲೀಟ್ ಆ ಪಟ್ಟಿ ಮೇಲೆ ಜಾರುತ್ತದೆ, ಬಟ್ಟೆ ಮೇಲೆ ಬಿದ್ದರೆ ಹರಿಯುತ್ತದೆ. ಸಾಲದ್ದಕ್ಕೆ ಕಬ್‌ನಂಥ ವಿಮಾನದಲ್ಲಿ ನಿಮ್ಮ ಕಾಲ ಹತ್ತಿರವೇ ಬಾಲ ತಿರುಗಿಸುವ ಪೆಡಲ್ ಇರುತ್ತವೆ. ಚೀಲದಲ್ಲಿ ತೆಳು ಚಪ್ಪಲಿ ಇದ್ದರೆ ಅದೂ ಬೇಡ, ಜಾರಿ ಪೆಡಲ್ ಕೆಳಗೆ ಸಿಕ್ಕಿಕೊಂಡೀತು. ಮಾಮೂಲಿ ಶೂ ಇಲ್ಲದಿದ್ದರೆ ಸಾಕ್ಸ್‌ನಲ್ಲೇ ಹತ್ತಲಾ ಅಂತ ಪೈಲಟ್‌ರನ್ನೇ ಕೇಳಿ.

ಎರಡನೆಯದು ಜೇಬು. ಸೈಕಲ್ ಜೆರ್ಸಿಯ ಬೆನ್ನಿನ ಮೂರು ಜೇಬುಗಳಲ್ಲಿ ಏನೇನು ತುಂಬಿಕೊಂಡಿರುತ್ತೇವೆ ಅಂತ ನಮಗೇ ನೆನಪಿರುವುದಿಲ್ಲ. ಟೂಲ್, ಬಾಳೆಹಣ್ಣು, ಅರ್ಧ ಹಿಂಡಿದ ಜೆಲ್ ಪ್ಯಾಕೆಟ್, ಕೀ. ಎಲ್ಲ ತೆಗೆದು ಹೆಲ್ಮೆಟ್ಟಿನೊಳಗೆ ಹಾಕಿ ಶೆಡ್ಡಿನಲ್ಲಿಡಿ. ತೆರೆದ ವಿಮಾನದಲ್ಲಿ ಹಾರಿಹೋದ ವಸ್ತು ಸೀದಾ ಬಾಲಕ್ಕೆ ಬಡಿಯಬಹುದು. ಕೆಳಗೆ ಬಿದ್ದ ಟೂಲ್, ಪೈಲಟ್ ಹಿಡಿದು ವಿಮಾನ ನಡೆಸುವ ಸ್ಟಿಕ್ಕಿನ ಬುಡದಲ್ಲಿ ಸಿಕ್ಕಿಕೊಂಡರೆ ವಿಮಾನ ತಿರುಗಿಸುವುದೇ ಕಷ್ಟ. ಫೋನಿನಲ್ಲಿ ವಿಡಿಯೋ ಬೇಕೇ ಬೇಕು ಅಂದರೆ ಕೊರಳಿಗೆ ದಾರ ಹಾಕಿ ಕಟ್ಟಿಕೊಳ್ಳಿ, ಪೈಲಟ್ ಒಪ್ಪಿದರೆ ಮಾತ್ರ.

ಮೂರನೆಯದು ಬೆವರು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಾವಿರ ಅಡಿ ಮೇಲೆ ಹೋದರೆ ತಾಪಮಾನ ಇಳಿಯುವುದು ಎರಡು ಡಿಗ್ರಿ ಮಾತ್ರ. ಆದರೆ ಒದ್ದೆ ಜೆರ್ಸಿಗೆ ಗಂಟೆಗೆ 120 ಕಿಲೋಮೀಟರ್ ವೇಗದ ಗಾಳಿ ಬಡಿದರೆ ಜುಲೈ ತಿಂಗಳಲ್ಲೂ ಹಲ್ಲು ಕಟಕಟ ಅನ್ನುತ್ತದೆ. ಒಣ ಬನಿಯನ್ ಇದ್ದರೆ ಬದಲಿಸಿ. ಇಲ್ಲದಿದ್ದರೆ ಮಡಚಿ ಇಟ್ಟುಕೊಂಡ ಗಾಳಿ ಜಾಕೆಟ್ ಹಾಕಿ ಜಿಪ್ ಪೂರ್ತಿ ಎಳೆಯಿರಿ.

ನೀರು ಕುಡಿಯಿರಿ, ಶೌಚಾಲಯಕ್ಕೂ ಹೋಗಿ ಬನ್ನಿ. ಹೊಟ್ಟೆ ಪೂರ್ತಿ ಖಾಲಿ ಇದ್ದರೂ, ಈಗ ತಾನೇ ಬಿರಿಯುವಷ್ಟು ತಿಂದಿದ್ದರೂ ವಾಂತಿ ಬರುವುದು ಜಾಸ್ತಿ. ಎರಡು ಬಿಸ್ಕತ್ತು ಸಾಕು. ಬಿಯರ್ ಕುಡಿದಿದ್ದರೆ ಇವತ್ತಿಗೆ ಸೈಕಲ್ಲೂ ಬೇಡ, ವಿಮಾನವೂ ಬೇಡ.

ಹೊರಡುವ ಮುಂಚೆ ಮನೆಗೆ ಒಂದು ಮೆಸೇಜ್ ಹಾಕಿ. ಎಲ್ಲಿದ್ದೀರಿ, ವಿಮಾನದ ನಂಬರ್ ಏನು, ಎಷ್ಟು ಹೊತ್ತಿಗೆ ಇಳಿಯುತ್ತೀರಿ.

ಪ್ರೊಪೆಲ್ಲರ್ ಹತ್ತಿರ

ನಿಂತ ಪ್ರೊಪೆಲ್ಲರ್ ಕೂಡ ತಿರುಗುತ್ತಿದೆ ಅಂತಲೇ ಭಾವಿಸಿ. ಮುಟ್ಟಬೇಡಿ, ಹಿಡಿದು ಫೋಟೋ ತೆಗೆಸಿಕೊಳ್ಳಬೇಡಿ. ಹಳೇ ವಿಮಾನಗಳಲ್ಲಿ ಕಿಡಿ ಹೊಡೆಯುವ ಮ್ಯಾಗ್ನೆಟೋಗೆ ಬ್ಯಾಟರಿ ಬೇಕಿಲ್ಲ. ಸ್ವಿಚ್ ಆಫ್ ಮಾಡುವುದು ಅಂದರೆ ಒಂದು ತಂತಿಯ ಮೂಲಕ ಅದನ್ನು ಸುಮ್ಮನಾಗಿಸುವುದು. ಆ ತಂತಿ ತುಂಡಾಗಿದ್ದರೆ ಸ್ವಿಚ್ ಆಫ್ ಇದ್ದರೂ ಕಿಡಿ ಹೊಡೆಯುತ್ತದೆ. ಆಗ ಯಾರಾದರೂ ಪ್ರೊಪೆಲ್ಲರ್ ಸ್ವಲ್ಪ ತಿರುಗಿಸಿದರೆ ಸಾಕು, ಇಂಜಿನ್ ಹತ್ತಿಕೊಳ್ಳಬಹುದು.

ಕಬ್‌ನಲ್ಲಿ ಸ್ಟಾರ್ಟರ್ ಇರುವುದು ಅಪರೂಪ. ಒಬ್ಬರು ಎದುರಿಗೆ ನಿಂತು ಕೈಯಿಂದ ಎಳೆದು ಶುರು ಮಾಡುತ್ತಾರೆ. ಅವರಿಗೂ ಪೈಲಟ್‌ಗೂ ನಡುವೆ "ಸ್ವಿಚ್ ಆಫ್", "ಕಾಂಟ್ಯಾಕ್ಟ್" ಅಂತ ಕೂಗಾಟ ನಡೆಯುತ್ತದೆ. ಆ ಹೊತ್ತಿನಲ್ಲಿ ನೀವು ಬಾಯಿ ಬಿಡಬೇಡಿ. ಯಾರಾದರೂ "ಸ್ವಲ್ಪ ಎಳೆದುಕೊಡ್ತೀರಾ" ಅಂದರೆ ನಗುತ್ತಲೇ ಇಲ್ಲ ಅನ್ನಿ. ಅದು ಕಲಿತವರ ಕೆಲಸ.

ವಿಮಾನದ ಹತ್ತಿರ ಹೋಗುವುದು, ಬರುವುದು ಯಾವಾಗಲೂ ರೆಕ್ಕೆಯ ಹಿಂದಿನ ಕಡೆಯಿಂದ, ಪೈಲಟ್ ಕೈ ಮಾಡಿದ ಮೇಲೆ.

ಕೂತ ಮೇಲೆ

ಕಬ್‌ನಲ್ಲಿ ನೀವು ಮುಂದೆ, ಪೈಲಟ್ ಹಿಂದೆ. ಅವರ ಮುಖ ನಿಮಗೆ ಕಾಣುವುದಿಲ್ಲ. ಇಂಟರ್‌ಕಾಮ್ ಇಲ್ಲದಿದ್ದರೆ ಸನ್ನೆ ಮೊದಲೇ ಗೊತ್ತು ಮಾಡಿಕೊಳ್ಳಿ. ಹೆಬ್ಬೆರಳು ಮೇಲೆ ಅಂದರೆ ಚೆನ್ನಾಗಿದ್ದೇನೆ, ಕೆಳಗೆ ಅಂದರೆ ಸಾಕು, ಇಳಿಸಿ. ಬೆಲ್ಟ್ ಹಾಕುವುದನ್ನು ಪೈಲಟ್ ತೋರಿಸಬೇಕು. ಬಿಚ್ಚುವುದನ್ನೂ ತೋರಿಸಬೇಕು. ನೀವೇ ಒಮ್ಮೆ ಹಾಕಿ ಬಿಚ್ಚಿ ನೋಡಿ. ಲಾಗ ಹೊಡೆಸುವ ಆಸೆ ಇದ್ದರೆ ಅದು ಬೇರೆಯೇ ಏರ್ಪಾಡು. ಪ್ರಯಾಣಿಕರನ್ನು ಕೂರಿಸಿಕೊಂಡು ಅಂಥ ಸರ್ಕಸ್ ಮಾಡಬೇಕಾದರೆ ಇಬ್ಬರಿಗೂ ಪ್ಯಾರಾಚೂಟ್ ಇರಬೇಕು. ಪ್ಯಾರಾಚೂಟ್ ಇಲ್ಲದ ಪೈಲಟ್ ಲಾಗದ ಮಾತೆತ್ತಿದರೆ ಬೇಡ ಅನ್ನಿ.

ಇನ್ನು ಗಾಬರಿ ಆಗಬಾರದ ನಾಲ್ಕು ಮಾತು. ಮೂತಿ ಎತ್ತರಕ್ಕಿರುವುದರಿಂದ ಪೈಲಟ್‌ಗೆ ನೇರ ಮುಂದೆ ಕಾಣುವುದಿಲ್ಲ. ಹಾಗಾಗಿ ನೆಲದ ಮೇಲೆ ಹಾವಿನ ಹಾಗೆ ಎಡಕ್ಕೆ ಬಲಕ್ಕೆ ಹೊರಳಿಸಿಕೊಂಡು ಹೋಗುತ್ತಾರೆ. ವೃತ್ತಾಕಾರದ ರೇಡಿಯಲ್ ಇಂಜಿನ್ ಇದ್ದರೆ ಶುರುವಾಗುವಾಗ ದಟ್ಟ ಹೊಗೆ ಬರುತ್ತದೆ. ಕೆಳಗಿನ ಸಿಲಿಂಡರುಗಳಲ್ಲಿ ಇಳಿದು ನಿಂತ ಆಯಿಲ್ ಸುಡುವುದರಿಂದ ಹಾಗೆ. ಓಡಲು ಶುರುವಾದ ಮೇಲೆ ಮೊದಲು ಬಾಲ ಏಳುತ್ತದೆ, ಆಗ ಮುಂದಿನ ರನ್‌ವೇ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ. ಇಳಿಯುವಾಗ ಪೈಲಟ್ ಇಂಜಿನ್ ಸದ್ದು ಪೂರ್ತಿ ತಗ್ಗಿಸುತ್ತಾರೆ. ಕೆಟ್ಟು ನಿಂತಿತು ಅಂದುಕೊಳ್ಳಬೇಡಿ. ಕಬ್ ಇಳಿಯುವ ರೀತಿಯೇ ಅದು.

ಕಬ್‌ನ ಮುಂದಿನ ಗಾಜಿನಾಚೆ, ಮೂತಿಯ ಮೇಲೆ, ಒಂದು ತಂತಿ ನಿಂತಿರುತ್ತದೆ. ಅದರ ಕೆಳತುದಿಯಲ್ಲಿ ಬೂಚು ಕಟ್ಟಿ ಟ್ಯಾಂಕಿನ ಪೆಟ್ರೋಲಿನ ಮೇಲೆ ತೇಲಲು ಬಿಟ್ಟಿರುತ್ತಾರೆ. ಇಂಧನದ ಮೀಟರ್ ಅಂದರೆ ಅದೇ. ವಿಮಾನ ಕುಲುಕಿದಾಗ ತಂತಿ ಮೇಲೆ ಕೆಳಗೆ ಕುಣಿಯುತ್ತದೆ, ಪೆಟ್ರೋಲು ಖರ್ಚಾದ ಹಾಗೆ ಗಿಡ್ಡವಾಗುತ್ತಾ ಹೋಗುತ್ತದೆ. ನಿಮ್ಮ ಮೊಣಕಾಲಿನ ಮುಂದೆಯೇ ಆ ಟ್ಯಾಂಕ್ ಇದೆ ಅನ್ನುವುದು ಆಮೇಲೆ ಹೊಳೆಯುತ್ತದೆ. ಬಲಗಡೆ ಬಾಗಿಲಿನ ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ ಮಡಚುತ್ತದೆ. ಬೇಸಿಗೆಯಲ್ಲಿ ತೆರೆದುಕೊಂಡೇ ಹಾರುತ್ತಾರೆ. ಈಗ ತಾನೇ ಏದುಸಿರು ಬಿಡುತ್ತಾ ಹತ್ತಿದ ದಿಬ್ಬ ಅಲ್ಲಿಂದ ಹುಡುಕಿದರೂ ಸಿಗುವುದಿಲ್ಲ, ನೆಲ ಅಷ್ಟು ಚಪ್ಪಟೆ ಕಾಣುತ್ತದೆ. ಗಂಟೆಗೆ 60 ಕಿಲೋಮೀಟರ್ ಆಸುಪಾಸಿನಲ್ಲೂ ಈ ವಿಮಾನ ಹಾರಿಕೊಂಡಿರುತ್ತದೆ. ನಂದಿ ಬೆಟ್ಟ ಇಳಿಯುವಾಗ ಧೈರ್ಯವಂತರು ಸೈಕಲ್‌ನಲ್ಲೇ ಮುಟ್ಟುವ ವೇಗ ಅದು.

ಸ್ಟಿಕ್, ಪೆಡಲ್ ಯಾವುದನ್ನೂ ಪೈಲಟ್ ಹೇಳದೆ ಮುಟ್ಟಬೇಡಿ. ಹೇಳಿದರೆ ಎರಡು ಬೆರಳಿನಲ್ಲಿ ಹಿಡಿಯಿರಿ, ಬಿಗಿ ಮುಷ್ಟಿ ಬೇಡ. ತಲೆ ತಿರುಗಿದರೆ ಕ್ಷಿತಿಜ ನೋಡಿ, ಫೋನ್ ನೋಡಬೇಡಿ. ಸುಮ್ನೆ ಸಹಿಸಿಕೊಂಡು ಕೂರದೆ ಹೆಬ್ಬೆರಳು ಕೆಳಗೆ ಮಾಡಿ.

ಹೊತ್ತು ಆರಿಸಿಕೊಳ್ಳುವ ಅವಕಾಶ ಇದ್ದರೆ ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ನಡುಮಧ್ಯಾಹ್ನ ಕಾದ ನೆಲದಿಂದ ಗಾಳಿ ಮೇಲೇಳುವುದರಿಂದ ಕುಲುಕಾಟ ಜಾಸ್ತಿ. ರನ್‌ವೇಗೆ ಅಡ್ಡ ಗಾಳಿ ಬೀಸುತ್ತಿದ್ದರೆ ಬಾಲದ ಚಕ್ರದ ವಿಮಾನ ಇಳಿಸುವುದು ಕಷ್ಟ. ಆಗ ಕಾಯೋಣ ಅಂದರೆ ಕಾಯಿರಿ, ರಾಗ ಎಳೆಯಬೇಡಿ.

ಇಳಿದ ಮೇಲೆ

ಪ್ರೊಪೆಲ್ಲರ್ ಪೂರ್ತಿ ನಿಲ್ಲುವವರೆಗೆ ಬೆಲ್ಟ್ ಬಿಚ್ಚಬೇಡಿ. ಇಳಿದು ಬಾಲದ ಕಡೆ ನಡೆಯಿರಿ.

ಪುಕ್ಕಟೆ ಹಾರಿಸಿದವರ ಕೈಗೆ ನೋಟು ತುರುಕಬೇಡಿ. ಅವರಿಗೆ ಇರುಸುಮುರುಸು, ನಿಯಮಕ್ಕೂ ಸರಿಯಲ್ಲ. ಶೆಡ್ಡಿನಲ್ಲಿ ಮ್ಯೂಸಿಯಂ ಅಥವಾ ಸಂಘದ ಡಬ್ಬಿ ಇದ್ದರೆ ಅದಕ್ಕೆ ಹಾಕಿ. ವಿಮಾನವನ್ನು ಶೆಡ್ಡಿನೊಳಗೆ ತಳ್ಳುವಾಗ ಕೈಜೋಡಿಸಿ, ಎಲ್ಲಿ ಹಿಡಿದು ತಳ್ಳಬೇಕು ಅಂತ ಕೇಳಿಕೊಂಡು. ತೆಗೆದ ಫೋಟೋಗಳನ್ನು ಅವರಿಗೂ ಕಳಿಸಿ. ತಮ್ಮ ವಿಮಾನ ಗಾಳಿಯಲ್ಲಿ ಇರುವಾಗ ಒಳಗಿನಿಂದ ತೆಗೆದ ಫೋಟೋ ಎಷ್ಟೋ ಮಾಲೀಕರ ಹತ್ತಿರ ಇರುವುದಿಲ್ಲ.

ತಕ್ಷಣ ಸೈಕಲ್ ಹತ್ತಿ ಮೇನ್ ರೋಡಿಗೆ ಇಳಿಯಬೇಡಿ. ಕಿವಿಯಲ್ಲಿ ಇಂಜಿನ್ ಸದ್ದು ಇನ್ನೂ ಗುಂಯ್ ಅನ್ನುತ್ತಿರುತ್ತದೆ, ಹಿಂದೆ ಬರುವ ಕಾರು ಕೇಳಿಸುವುದಿಲ್ಲ. ಹದಿನೈದು ನಿಮಿಷ ನೆರಳಲ್ಲಿ ಕೂತು ಏನಾದರೂ ತಿನ್ನಿ. ಹುಲ್ಲಿನ ಮೇಲೆ ಓಡಾಡಿದ್ದರಿಂದ ಕ್ಲೀಟ್ ಸಂದಿಯಲ್ಲಿ ಮಣ್ಣು ಮೆತ್ತಿರುತ್ತದೆ. ಕಡ್ಡಿಯಿಂದ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಪೆಡಲ್ಲಿಗೆ ಕೂರುವುದಿಲ್ಲ. ಟೈರಿಗೆ ಮುಳ್ಳು ಚುಚ್ಚಿದೆಯಾ ಒಮ್ಮೆ ಸವರಿ ನೋಡಿ. ರೈನ್‌ಬೆಕ್‌ನಲ್ಲಿ ಶೋ ಮುಗಿದ ಮೇಲಿನ ಸವಾರಿಗೆ ನಿಂತರೆ ಸಂಜೆಯಾಗುತ್ತದೆ. ರೈಲಿಗೆ ಹೋಗುವವರು ಹಿಂದಿನ ಕೆಂಪು ದೀಪ ಚಾರ್ಜ್ ಮಾಡಿಕೊಂಡೇ ಬಂದಿರಬೇಕು.